ಕೇಸರಿಯ ಕಥೆ: ಬೀಜವಿಲ್ಲದ ಬೆಳೆ



ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಗೆ ಕೆಲಸದ ಮೇಲೆ ಹೋಗಿದ್ದೆ. ಹಿರಿಯ ರೈತರೊಬ್ಬರು ಹುಳದ ಮನೆಯ ಜಗಲಿಯ ಮೇಲೆ ನನ್ನನ್ನು ಕೂರಿಸಿ, ಒಳಗಿನಿಂದ ಒಂದು ಪೊಟ್ಟಣ ತಂದು ನನ್ನ ಅಂಗೈಗೆ ಸುರಿದರು. ಬೆಳ್ಳಗಿನ, ಗಟ್ಟಿ ಸಿಪ್ಪೆಯ ಪುಟ್ಟ ಬೀಜಗಳು.

"ಇದು ಕೇಸರಿ ಬೀಜ ಸಾರ್. ಅಮೆರಿಕದ್ದಂತೆ. ಕಾಲೆಕರೆಗೆ ಹಾಕಿದ್ರೆ ಸಾಕಂತೆ, ಮೂರು ವರ್ಷ ಹುಳ ಮೇಯಿಸಿದ ದುಡ್ಡು ಒಂದೇ ಬೆಳೇಲಿ ಬತ್ತದಂತೆ. ಸೋಮವಾರದೊಳಗೆ ಮುಂಗಡ ಕೊಡಬೇಕು ಅಂತಾವ್ರೆ. ಕೊಡ್ಲಾ, ಬ್ಯಾಡ್ವಾ?" ಎಂದು ಕೇಳಿದರು.

ಮುಂಗಡಕ್ಕೆಂದು ಅವರು ತೆಗೆದಿಟ್ಟಿದ್ದು ಬೋರ್‌ವೆಲ್ಲಿಗೆ ಹೊಸ ಮೋಟಾರು ಕೊಳ್ಳಲು ಕೂಡಿಟ್ಟ ಹಣ. ಸಾವಿರ ಅಡಿಗೂ ನೀರು ಸಿಕ್ಕದ ಈ ಸೀಮೆಯಲ್ಲಿ ಅದು ಎಷ್ಟು ಕಷ್ಟದ ಹಣವೆಂಬುದು ನಿಮಗೆ ಹೇಳಬೇಕಾಗಿಲ್ಲ. ಬೀಜವನ್ನು ನೋಡಿದೊಡನೆ ಅದು ಕುಸುಬೆಯೆಂದು ನನಗೆ ಅನ್ನಿಸಿತು. ಆದರೆ 'ಬೇಡ' ಎಂದಷ್ಟೇ ಹೇಳಿ ಎದ್ದು ಬಂದರೆ ಆಗುತ್ತದೆಯೇ? ಏಕೆ ಬೇಡ ಎಂಬುದನ್ನೂ ಹೇಳಬೇಕಲ್ಲ. ಆ ದಿನ ಜಗಲಿಯ ಮೇಲೆ ಕೂತು ಹೇಳಿದ ಕೇಸರಿಯ ಚರಿತ್ರೆಯನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಹಳೆಯ ಕಾವ್ಯಗಳಲ್ಲಿ ಕುಂಕುಮವೆಂದರೆ ಕೇಸರಿ. ಇಂದು ನಮ್ಮ ಹೆಣ್ಣುಮಕ್ಕಳು ಹಣೆಗಿಡುವ ಕುಂಕುಮವಾದರೋ ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಬೆರೆಸಿ ಕೆಂಪಾಗಿಸಿದ ಪುಡಿ. ದುಬಾರಿ ವಸ್ತುವಿನ ಹೆಸರು ಅಗ್ಗದ ವಸ್ತುವಿಗೆ ಬಂತು. ಹೋಟೆಲಿನ ಕೇಸರಿಬಾತೂ ಹಾಗೆಯೇ. ಬಣ್ಣ ಕೇಸರಿಯದು, ಹೆಸರು ಕೇಸರಿಯದು. ಕೇಸರಿಯ ಒಂದು ಎಳೆ ಹುಡುಕಿದರೂ ಸಿಕ್ಕುವುದು ಅಪರೂಪ. ಅಂಗಡಿಯ ಬಣ್ಣದ ಪುಡಿಯೇ ಅಲ್ಲಿ ಕೆಲಸ ಮಾಡುತ್ತದೆ. ಹೆಸರು ಒಂದು, ವಸ್ತು ಇನ್ನೊಂದು ಎಂಬ ಈ ಗೋಜಲು ಕೇಸರಿಯ ಬೆನ್ನಿಗೆ ಬಹು ಕಾಲದಿಂದ ಅಂಟಿಕೊಂಡು ಬಂದಿದೆ.

ಹಾಗಾದರೆ ನಿಜವಾದ ಕೇಸರಿ ಯಾವುದು? ಈರುಳ್ಳಿಯಂತೆ ಕಾಣುವ ಒಂದು ಸಣ್ಣ ಗೆಡ್ಡೆ. ಶರತ್ಕಾಲದಲ್ಲಿ ಅದು ನೇರಳೆ ಬಣ್ಣದ ಹೂ ಬಿಡುತ್ತದೆ. ಹೂವಿನ ನಡುವೆ, ಹೆಣ್ಣು ಭಾಗದ ತುದಿಯಲ್ಲಿ ಮೂರೇ ಮೂರು ಕೆಂಪು ಎಳೆ. ಅದನ್ನು ಕೈಯಿಂದ ಬಿಡಿಸಿ ಒಣಗಿಸಿದರೆ ಕೇಸರಿ. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂ ಬೇಕು. ಗ್ರಾಂ ಒಂದಕ್ಕೆ ನೂರಾರು ರೂಪಾಯಿ ಬೆಲೆ ಏಕೆಂದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಈ ಗಿಡದ ಹುಟ್ಟೂರು ಎಲ್ಲಿ ಎಂಬ ವಿಷಯದಲ್ಲಿ ಬಹುಕಾಲ ವಾದ ನಡೆಯಿತು. ಗ್ರೀಸ್ ದೇಶದ ತೇರಾ ದ್ವೀಪದಲ್ಲಿ ಅಗೆದು ತೆಗೆದ ಮನೆಗಳ ಗೋಡೆಗಳ ಮೇಲೆ ಹೆಂಗಸರು ಕೇಸರಿ ಹೂ ಕೀಳುತ್ತಿರುವ ಚಿತ್ರಗಳಿವೆ. ಅವು ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನವು. 2019ರಲ್ಲಿ ವಿಜ್ಞಾನಿಗಳು ಗಿಡದ ಅನುವಂಶ ದ್ರವ್ಯವನ್ನು ಹೋಲಿಸಿ ನೋಡಿ, ಗ್ರೀಸಿನ ಅಟಿಕಾ ಸೀಮೆಯಲ್ಲಿ ಇಂದಿಗೂ ಕಾಡಾಗಿ ಬೆಳೆಯುವ ಒಂದು ಕ್ರೋಕಸ್ ಗಿಡವೇ ಕೇಸರಿಯ ತಾಯಿ ಎಂದು ತೋರಿಸಿದರು. ಕಾಡು ಗಿಡದಲ್ಲಿ ವರ್ಣತಂತುಗಳು ಜೋಡಿ ಜೋಡಿ. ಕೇಸರಿಯಲ್ಲಾದರೋ ಎಂಟರ ಮೂರು ಕಟ್ಟು, ಒಟ್ಟು 24. ಮೂರನ್ನು ಸಮನಾಗಿ ಎರಡು ಪಾಲು ಮಾಡಲು ಆಗುವುದಿಲ್ಲ. ಆದುದರಿಂದ ಕೇಸರಿ ಗಿಡಕ್ಕೆ ಬೀಜ ಕಟ್ಟುವುದೇ ಇಲ್ಲ.

ಇದು ನಂಬಲಾಗದ ಮಾತೇನೂ ಅಲ್ಲ. ನಾವು ತಿನ್ನುವ ಬಾಳೆಯೂ ಹೀಗೆಯೇ ಮೂರು ಕಟ್ಟಿನದು. ಬಾಳೆಯ ಬೀಜ ಬಿತ್ತಿ ತೋಟ ಮಾಡಿದವರನ್ನು ಕಂಡಿದ್ದೀರಾ? ಕಂದು ತಂದು ನೆಡುತ್ತೇವೆ. ಕೇಸರಿಯನ್ನೂ ಹಾಗೆಯೇ, ಗೆಡ್ಡೆಯಿಂದ ಮರಿಗೆಡ್ಡೆ ಬಿಡಿಸಿ, ಮನುಷ್ಯನೇ ಕೈಯಲ್ಲಿ ಹಿಡಿದು ದೇಶದಿಂದ ದೇಶಕ್ಕೆ ಒಯ್ದ. ಇಂದು ಲೋಕದ ಕೇಸರಿಯಲ್ಲಿ ಬಹುಪಾಲು ಇರಾನಿನದು. ನಮ್ಮ ದೇಶದಲ್ಲಿ ಕಾಶ್ಮೀರದ ಪಾಂಪೋರ್ ಸೀಮೆಯದು. ಎಲ್ಲಿ ಬೆಳೆದರೂ ಗೆಡ್ಡೆಯಿಂದಲೇ. ಇಷ್ಟು ಹೇಳುತ್ತಿದ್ದಂತೆಯೇ ನಮ್ಮ ಯಜಮಾನರು ಅಂಗೈಯಲ್ಲಿದ್ದ ಬೀಜಗಳನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದರು.

ಕಾಶ್ಮೀರದ ಕೇಸರಿಗೂ ಕನ್ನಡ ನಾಡಿಗೂ ಹಳೆಯ ನಂಟು ಉಂಟು. 1148ರ ಸುಮಾರಿನಲ್ಲಿ ಕಲ್ಹಣ ಪಂಡಿತ ಬರೆಯಲು ತೊಡಗಿದ ರಾಜತರಂಗಿಣಿಯಲ್ಲಿ ಕಾಶ್ಮೀರದ ಹೆಮ್ಮೆಯ ವಸ್ತುಗಳ ಸಾಲಿನಲ್ಲಿ ಕೇಸರಿಯೂ ಇದೆ. ಅವನಿಗಿಂತ ಹಿಂದೆಯೇ ಬಿಲ್ಹಣನೆಂಬ ಕಾಶ್ಮೀರದ ಕವಿ ಊರೂರು ಅಲೆದು, ಕೊನೆಗೆ ನಮ್ಮ ಕಲ್ಯಾಣಕ್ಕೆ, ಎಂದರೆ ಬೀದರ್ ಜಿಲ್ಲೆಯ ಈಗಿನ ಬಸವಕಲ್ಯಾಣಕ್ಕೆ ಬಂದು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ನೆಲಸಿದನು. ಆ ದೊರೆ ಆಳಿದ್ದು 1076ರಿಂದ 1126ರ ವರೆಗೆ. ಬಿಲ್ಹಣನ ಹುಟ್ಟೂರು ಪಾಂಪೋರಿಗೆ ಹತ್ತಿರದ ಈಗಿನ ಖುನಮೋಹ್. ತನ್ನ ನಾಡನ್ನು ಬಿಟ್ಟು ಬೇರೆ ಎಲ್ಲಿಯೂ ಕೇಸರಿ ಮೊಳೆಯುವುದನ್ನು ತಾನು ಕಾಣಲಿಲ್ಲವೆಂದು ಅವನು ವಿಕ್ರಮಾಂಕದೇವಚರಿತದಲ್ಲಿ ಹೆಮ್ಮೆ ಹೇಳಿಕೊಂಡಿದ್ದಾನೆ. ಅದೇ ದೊರೆಯ ಮಗ ಮೂರನೆಯ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಅರಸರು ಮೈಗೆ ಪೂಸಿಕೊಳ್ಳುವ ಗಂಧಲೇಪಗಳ ಮಾತು ಬರುವಲ್ಲಿ ಕುಂಕುಮಕೇಸರಿಯೂ ಬರುತ್ತದೆ. ಕನ್ನಡ ನಾಡು ಕೇಸರಿಯನ್ನು ಬಲ್ಲದು, ಬಳಸಿದೆ. ಆದರೆ ದೂರದಿಂದ ಕೊಂಡು ತಂದು ಬಳಸಿದೆ.

ದೂರದಿಂದ ಬರುವ ದುಬಾರಿ ವಸ್ತು ಎಂದ ಮೇಲೆ ಕಲಬೆರಕೆ ತಪ್ಪೀತೆ? ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದಲ್ಲಿ ಕೇಸರಿಯನ್ನು ಪರೀಕ್ಷಿಸಲೆಂದೇ ಅಧಿಕಾರಿಗಳಿದ್ದರು. 15ನೆಯ ಶತಮಾನದಲ್ಲಿ ಅಲ್ಲಿ ಕಲಬೆರಕೆ ಕೇಸರಿ ಮಾರಿದವರನ್ನು ಬೆಂಕಿಗೆ ಹಾಕಿ ಕೊಂದದ್ದೂ ಉಂಟು. ಅಷ್ಟು ಕ್ರೂರ ಶಿಕ್ಷೆ ಇದ್ದರೂ ಕಲಬೆರಕೆ ನಿಲ್ಲಲಿಲ್ಲ. ಏಕೆಂದರೆ ಕಣ್ಣು, ಮೂಗು, ನಾಲಿಗೆ ಬಿಟ್ಟರೆ ಆಗಿನವರಿಗೆ ಬೇರೆ ಅಳತೆಗೋಲು ಇರಲಿಲ್ಲ. ಕೇಸರಿಯೊಳಗೆ ಇರುವುದೇನು ಎಂದು ರಸಾಯನಶಾಸ್ತ್ರ ಬಿಡಿಸಿ ಹೇಳಿದ ಮೇಲೆಯೇ ಸರಿಯಾದ ಅಳತೆ ಸಿಕ್ಕಿದ್ದು.

ಅದನ್ನು ಬಿಡಿಸಿದ ಬಗೆಯೂ ಸ್ವಾರಸ್ಯವಾಗಿದೆ. 20ನೆಯ ಶತಮಾನದ ಆರಂಭದಲ್ಲಿ ರಷ್ಯದ ಸ್ವೆಟ್ ಎಂಬ ಸಸ್ಯಶಾಸ್ತ್ರಜ್ಞ ಎಲೆಯ ರಸವನ್ನು ಗಾಜಿನ ಕೊಳವೆಯಲ್ಲಿ ತುಂಬಿದ ಸೀಮೆಸುಣ್ಣದ ಪುಡಿಯ ಮೂಲಕ ಇಳಿಸಿದ. ಹಸಿರು ಒಂದು ಕಡೆ, ಹಳದಿ ಇನ್ನೊಂದು ಕಡೆ, ಪಟ್ಟಿ ಪಟ್ಟಿಯಾಗಿ ನಿಂತವು. ಈ ಉಪಾಯವನ್ನು ಬಹಳ ಮಂದಿ ಮರೆತಿದ್ದರು. 1931ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ರಿಚರ್ಡ್ ಕೂನ್ ಮತ್ತು ಅವನ ಸಂಗಡಿಗರು ಅದನ್ನೇ ಮತ್ತೆ ಹಿಡಿದು, ಅಕ್ಕತಂಗಿಯರಂತೆ ಒಂದೇ ರೂಪದ ಎರಡು ಹಳದಿ ದ್ರವ್ಯಗಳನ್ನು ಬೇರ್ಪಡಿಸಿದರು. ಅವುಗಳ ಹೆಸರು ಲ್ಯೂಟೀನ್, ಝಿಯಾಕ್ಸಾಂಥಿನ್. ಈ ಎರಡು ಹೆಸರು ಸ್ವಲ್ಪ ನೆನಪಿರಲಿ, ಮುಂದೆ ಬೇಕಾಗುತ್ತವೆ. ಕೂನ್ ಮತ್ತು ಸ್ವಿಟ್ಜರ್ಲೆಂಡಿನ ಪಾಲ್ ಕಾರರ್ ಇಬ್ಬರೂ ಕೇಸರಿಯ ಬಣ್ಣವನ್ನೂ ಶೋಧಿಸಿದರು. ಕ್ಯಾರಟ್ಟಿನ ಕೆರೋಟಿನ್ ಸೇರಿದ ಈ ಇಡೀ ಬಣ್ಣದ ಕುಲದ ಮೇಲೆ ನಡೆಸಿದ ಕೆಲಸಕ್ಕಾಗಿ ಕಾರರ್‌ಗೆ 1937ರ, ಕೂನ್‌ಗೆ 1938ರ ನೊಬೆಲ್ ಬಹುಮಾನ ಸಂದಿತು.

ಅವರು ಕಂಡದ್ದೇನು? ಕೇಸರಿಯಲ್ಲಿ ಮುಖ್ಯವಾಗಿ ಮೂರು ದ್ರವ್ಯಗಳು. ಬಣ್ಣ ಕೊಡುವುದು ಕ್ರೋಸಿನ್. ಕಹಿ ಕೊಡುವುದು ಪಿಕ್ರೋಕ್ರೋಸಿನ್. ಪರಿಮಳ ಕೊಡುವುದು ಸಫ್ರನಾಲ್. ಕ್ರೋಸಿನ್ನಿನ ಎರಡು ಕೊನೆಗೂ ಸಕ್ಕರೆಯ ಅಂಶ ಅಂಟಿಕೊಂಡಿದೆ. ಆದುದರಿಂದಲೇ ಕೇಸರಿ ನೀರಿನಲ್ಲಿ, ಹಾಲಿನಲ್ಲಿ ಸಲೀಸಾಗಿ ಬಣ್ಣ ಬಿಡುತ್ತದೆ. ಚೆಂಡು ಹೂವಿನ ಬಣ್ಣ ಹಾಗಲ್ಲ, ಅದಕ್ಕೆ ಎಣ್ಣೆಯ ಅಂಶ ಬೇಕು. ಇನ್ನು ಪರಿಮಳ. ಗಿಡದಿಂದ ಆಗತಾನೇ ಬಿಡಿಸಿದ ಹಸಿ ಎಳೆಗೆ ಆ ಪರಿಮಳವಿಲ್ಲ. ಒಣಗಿಸುವಾಗ ಕಹಿಯ ಪಿಕ್ರೋಕ್ರೋಸಿನ್ ಒಡೆದು ಸಫ್ರನಾಲ್ ಆಗುತ್ತದೆ. ಎಂದರೆ ಬೆಳೆದರೆ ಸಾಲದು, ಒಣಗಿಸುವ ಹದವೂ ಗೊತ್ತಿರಬೇಕು. ಬಿಸಿಲು, ಬೆಳಕು, ತೇವ ತಗುಲಿದರೆ ಬಣ್ಣ ಕೆಡುತ್ತದೆ. ಅದಕ್ಕೇ ಕೇಸರಿಯನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಕತ್ತಲಲ್ಲಿ ಇಡುವುದು.

ಈ ಮೂರೂ ದ್ರವ್ಯಗಳು ಒಂದೇ ತಾಯಿಯ ಮಕ್ಕಳು ಎಂಬುದು ಈಚಿನ ತಿಳುವಳಿಕೆ. ಝಿಯಾಕ್ಸಾಂಥಿನ್ ಎಂದೆನಲ್ಲ, ಅದು 40 ಇಂಗಾಲದ ಕಣಗಳ ಉದ್ದನೆಯ ಸರಪಳಿ. ಒಂದು ಕಬ್ಬಿನ ಜಲ್ಲೆ ಎಂದುಕೊಳ್ಳಿ. ಕೇಸರಿ ಹೂವಿನಲ್ಲಿರುವ ಒಂದು ಕಿಣ್ವ ಆ ಜಲ್ಲೆಯ ಎರಡು ತುದಿಗಳನ್ನೂ ಕತ್ತರಿಸುತ್ತದೆ. ನಡುವಿನ 20 ಕಣಗಳ ತುಂಡು ಬಣ್ಣವಾಗುತ್ತದೆ. ತುದಿಯ ಹತ್ತು ಹತ್ತು ಕಣಗಳ ತುಂಡುಗಳು ಮೊದಲು ಕಹಿ, ಆಮೇಲೆ ಪರಿಮಳ ಆಗುತ್ತವೆ. ಆ ಕತ್ತರಿಯನ್ನು ಗುರುತಿಸಿದ್ದು 2014ರಲ್ಲಿ.

ಈ ಜ್ಞಾನದಿಂದ ಆದ ಪ್ರಯೋಜನ ಏನೆಂದರೆ, ಇಂದು ಐಎಸ್‌ಒ 3632 ಎಂಬ ಅಂತರರಾಷ್ಟ್ರೀಯ ಕ್ರಮದ ಪ್ರಕಾರ ಕೇಸರಿಯನ್ನು ನೀರಿನಲ್ಲಿ ನೆನೆಸಿ, ಆ ನೀರು ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಯಂತ್ರದಲ್ಲಿ ಅಳೆಯುತ್ತಾರೆ. 440 ನ್ಯಾನೋಮೀಟರಿನಲ್ಲಿ ಬಣ್ಣ, 257ರಲ್ಲಿ ಕಹಿ, 330ರಲ್ಲಿ ಪರಿಮಳ. ಬಣ್ಣದ ಅಂಕ 200 ಮುಟ್ಟಿದರೆ ಒಂದನೆಯ ದರ್ಜೆ. ನಮ್ಮ ಗೂಡಿಗೆ ನೂಲಿನ ಇಳುವರಿ ನೋಡಿ ಬೆಲೆ ಕಟ್ಟುವ ಹಾಗೆಯೇ ಇದು. ಕಾಶ್ಮೀರದ ಕೇಸರಿಗೆ 2020ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು.

ಇನ್ನು ಕೇಸರಿಯ ಔಷಧ ಗುಣದ ಮಾತು. 'ಆಂಟಿಆಕ್ಸಿಡೆಂಟ್' ಎಂಬ ಪದವನ್ನು ಈಗ ಪೊಟ್ಟಣಗಳ ಮೇಲೆಲ್ಲ ಕಾಣುತ್ತೀರಿ. ಕನ್ನಡದಲ್ಲಿ ಉತ್ಕರ್ಷಣ ನಿರೋಧಕ ಎನ್ನುತ್ತಾರೆ. ಹೆದರಬೇಡಿ, ವಿಷಯ ಸುಲಭ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದೆ, ಎಣ್ಣೆ ಕಮಟಾಗುತ್ತದೆ, ಗುದ್ದಲಿ ತುಕ್ಕು ಹಿಡಿಯುತ್ತದೆ. ಇವೆಲ್ಲ ಆಮ್ಲಜನಕದ ಕೆಲಸ. ನಮ್ಮ ಮೈಯೊಳಗೂ ಉಸಿರಾಡಿದ ಆಮ್ಲಜನಕದಿಂದ ಜೊತೆ ತಪ್ಪಿದ ಕಣಗಳು ಹುಟ್ಟುತ್ತಿರುತ್ತವೆ. ಜೊತೆಯೆತ್ತು ಕಳೆದುಕೊಂಡು ಹಗ್ಗ ಕಿತ್ತುಕೊಂಡ ಒಂಟಿ ಎತ್ತಿನಂತೆ ಅವು ಕಂಡ ಕಂಡ ಜೋಡಿಯ ಮೇಲೆ ಬಿದ್ದು ಒಡೆಯುತ್ತವೆ. ಕ್ರೋಸಿನ್ನಿನ ಉದ್ದ ಸರಪಳಿಯಲ್ಲಿ ಒಂದು ಬಿಟ್ಟು ಒಂದರಂತೆ ಜೋಡಿ ಕೊಂಡಿಗಳಿವೆ. ಒಂಟಿ ಎತ್ತಿನ ಗುದ್ದನ್ನು ಈ ಕೊಂಡಿಗಳ ಸಾಲು ಹಂಚಿಕೊಂಡು ತಣಿಸುತ್ತದೆ. ಬೆಳಕನ್ನು ಹೀರಿ ಬಣ್ಣ ತೋರಿಸುವುದೂ ಅದೇ ಸಾಲು. ಬಣ್ಣವೂ ಈ ಕಾಪಾಡುವ ಗುಣವೂ ಒಂದೇ ರಚನೆಯಿಂದ ಬಂದವು.

ಆದರೆ ಪರೀಕ್ಷಾನಳಿಗೆಯಲ್ಲಿ ಕಂಡದ್ದೆಲ್ಲ ಮನುಷ್ಯನ ಮೈಯಲ್ಲಿ ಹಾಗೆಯೇ ನಡೆಯುವುದಿಲ್ಲ. ತಿಂದ ಕ್ರೋಸಿನ್ ಇಡಿಯಾಗಿ ರಕ್ತಕ್ಕೆ ಸೇರದು; ಕರುಳಿನಲ್ಲಿ ಸಕ್ಕರೆ ಕಳಚಿ, ಕ್ರೋಸೆಟಿನ್ ಆಗಿ ಸೇರುತ್ತದೆ. 2004-05ರ ಸುಮಾರಿನಲ್ಲಿ ಟೆಹ್ರಾನಿನ ವೈದ್ಯರು ದಿನಕ್ಕೆ 30 ಮಿಲಿಗ್ರಾಂ ಕೇಸರಿಸಾರವನ್ನು ಮನಸ್ಸು ಕುಗ್ಗಿದ ರೋಗಿಗಳಿಗೆ ಆರು ವಾರ ಕೊಟ್ಟು ಒಳ್ಳೆಯ ಪರಿಣಾಮ ಕಂಡರು. ಆದರೆ ಒಂದೊಂದು ಪರೀಕ್ಷೆಯಲ್ಲೂ ಇದ್ದವರು 30-40 ಮಂದಿ ಮಾತ್ರ. ಅದು ಆಸೆ ಹುಟ್ಟಿಸುವ ಸುದ್ದಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಬಿಸಾಡಲು ಕಾರಣವಲ್ಲ. ಬಸುರಿ ಹೆಂಗಸು ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಮಗುವಿನ ಬಣ್ಣ ತಾಯಿ ತಂದೆಯರ ಅನುವಂಶದಿಂದ ಬರುವುದು. ಅಡಿಗೆಯಲ್ಲಿ ಹಾಕುವ ಎರಡೆಳೆಯಿಂದ ತೊಂದರೆಯಿಲ್ಲ. ಅತಿಯಾಗಿ ಸೇವಿಸಿದರೆ, ಅದರಲ್ಲೂ ಬಸುರಿಯರಿಗೆ, ಅಪಾಯ. ಕಾಪಾಡುವ ಗುಣವೇ ಬೇಕೆಂದರೆ ನೆಲ್ಲಿಕಾಯಿಯಲ್ಲಿದೆ, ರಾಗಿಯ ಸಿಪ್ಪೆಯಲ್ಲಿದೆ, ನಮ್ಮ ತೋಟದ ಕಪ್ಪು ಹಿಪ್ಪುನೇರಳೆ ಹಣ್ಣಿನಲ್ಲಿದೆ. ಅದಕ್ಕಾಗಿ ಯಾರಿಗೂ ಮುಂಗಡ ಕೊಡಬೇಕಾಗಿಲ್ಲ.

ಹಿಪ್ಪುನೇರಳೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಕೇಸರಿಯ ಬಣ್ಣದ ಕುಲ ಶಿಡ್ಲಘಟ್ಟಕ್ಕೆ ಹೊಸದಲ್ಲ. ಮೈಸೂರು ತಳಿಯ ಹಸಿರು ಮಿಶ್ರಿತ ಹಳದಿ ಗೂಡನ್ನೂ, ಅದರ ರಕ್ತ ಸೇರಿದ ಸಿ.ಬಿ. ಗೂಡನ್ನೂ ನೀವು ದಿನಾ ಮಾರುಕಟ್ಟೆಗೆ ತರುತ್ತೀರಿ. ರೇಷ್ಮೆಗೂಡಿಗೆ ಹಳದಿ ಬರುವುದು ಮುಖ್ಯವಾಗಿ ಸೊಪ್ಪಿನ ಲ್ಯೂಟೀನಿನಿಂದ. ಹಸಿರು ಛಾಯೆ ಬರುವುದು ಫ್ಲೇವನಾಯ್ಡುಗಳಿಂದ. ಕೂನ್ ಬೇರ್ಪಡಿಸಿದ ಅಕ್ಕತಂಗಿಯರನ್ನು ನೆನೆಯಿರಿ. ಒಬ್ಬಳಿಂದ ಕೇಸರಿಯ ಕೆಂಪು, ಇನ್ನೊಬ್ಬಳಿಂದ ಗೂಡಿನ ಹಳದಿ. ಹುಳ ಅದನ್ನು ಸೊಪ್ಪಿನಿಂದ ಹೀರಿ, ರಕ್ತಕ್ಕೆ ಕೊಂಡೊಯ್ದು, ನೂಲಿನ ಮೇಲಿನ ಅಂಟಿಗೆ ಸೇರಿಸುತ್ತದೆ. ಅದೇ ಸೊಪ್ಪು ತಿಂದ ದ್ವಿತಳಿ ಹುಳ ಬಣ್ಣವನ್ನು ನೂಲಿಗೆ ಒಯ್ಯದೆ ಬಿಳಿ ಗೂಡು ಕಟ್ಟುತ್ತದೆ. ನೂಲನ್ನು ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದರೆ ಹಳದಿಯೂ ಹೋಗುವುದು ಇದೇ ಕಾರಣಕ್ಕೆ.

ಈಗ ಪೊಟ್ಟಣದ ಬೀಜಕ್ಕೆ ಬರೋಣ. ಅದು ಕುಸುಬೆ. ದೇಶದ ಬೇರೆ ಕಡೆಗಳಲ್ಲಿಯೂ 'ಅಮೆರಿಕನ್ ಕೇಸರಿ' ಎಂದು ಹೆಸರಿಟ್ಟು ಇದನ್ನೇ ರೈತರ ತಲೆಗೆ ಕಟ್ಟಿದ್ದಾರೆ. ಕುಸುಬೆ ಕೆಟ್ಟ ಬೆಳೆಯಲ್ಲ. ಕಲಬುರಗಿ, ಬೀದರ್, ವಿಜಯಪುರ ಸೀಮೆಯ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಒಳ್ಳೆಯ ಎಣ್ಣೆಕಾಳು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರಿನ ತಳಿಯೇ ಇದೆ. ಅದರ ಹೂವಿನ ಎಸಳಿನಲ್ಲಿ ಕಾರ್ಥಮಿನ್ ಎಂಬ ಕೆಂಪೂ, ನೀರಿನಲ್ಲಿ ಕರಗುವ ಹಳದಿಯೂ ಇವೆ. ಅವು ಬೇರೆ ಕುಲದ ಬಣ್ಣಗಳು. ಅಲ್ಲಿ ಕ್ರೋಸಿನ್ ಇಲ್ಲ, ಕೇಸರಿಯ ಕಹಿಯಿಲ್ಲ, ಪರಿಮಳವಿಲ್ಲ. ಕುಸುಬೆಯನ್ನು ಕುಸುಬೆಯೆಂದು ಮಾರಿದರೆ ದೋಷವಿಲ್ಲ. ಕೇಸರಿಯೆಂದು ಮಾರಿದರೆ ಮೋಸ.

ಅಂಗಡಿಯ ಕೇಸರಿಯನ್ನು ಮನೆಯಲ್ಲೇ ಸ್ವಲ್ಪ ಪರೀಕ್ಷಿಸಬಹುದು. ಎರಡೆಳೆಯನ್ನು ಉಗುರುಬೆಚ್ಚನೆಯ ನೀರಿಗೆ ಹಾಕಿ. ನಿಜವಾದದ್ದು ನಿಧಾನವಾಗಿ ಹೊನ್ನಿನ ಹಳದಿ ಬಿಡುತ್ತದೆ, ಎಳೆ ಬಹಳ ಹೊತ್ತು ಕೆಂಪಾಗಿಯೇ ಉಳಿಯುತ್ತದೆ. ಹಾಕಿದೊಡನೆ ನೀರು ಕೆಂಪಾಗಿ ಎಳೆ ಬಿಳಿಚಿಕೊಂಡರೆ ಬಣ್ಣ ಬಳಿದದ್ದು. ನಾಲಿಗೆಗೆ ಕಹಿ ಇರಬೇಕು, ಸಿಹಿ ಇರಬಾರದು. ಎಳೆಯ ಒಂದು ತುದಿ ಕಹಳೆಯಂತೆ ಅಗಲವಾಗಿರಬೇಕು. ಇದು ಕೊನೆಯ ತೀರ್ಪಲ್ಲ, ತೀರ್ಪು ಪ್ರಯೋಗಶಾಲೆಯದು.

ನಮ್ಮ ಯಜಮಾನರು ಅಷ್ಟಕ್ಕೆ ಬಿಡಲಿಲ್ಲ. "ಬೀಜ ಬ್ಯಾಡ ಸಾರ್. ಗೆಡ್ಡೆ ತಂದು ಈ ಹುಳದ ಮನೇಲೇ ಬೆಳೆದ್ರೆ? ತಟ್ಟೆ ಅವೆ, ಅಟ್ಟಣಿಗೆ ಅವೆ, ಕೋಣೆ ಖಾಲಿ ಬಿದ್ದದೆ" ಎಂದರು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ರಾಜ್ಯದಲ್ಲಿಯೂ ಕೋಣೆಯೊಳಗೆ ಕೇಸರಿ ಹೂ ಬಿಡಿಸಿದವರಿದ್ದಾರೆ. ಗೆಡ್ಡೆಯಲ್ಲಿ ಆಹಾರ ತುಂಬಿರುವುದರಿಂದ ಮಣ್ಣಿಲ್ಲದೆಯೂ ಒಮ್ಮೆ ಹೂ ಬರುತ್ತದೆ. 23ರಿಂದ 27 ಡಿಗ್ರಿ ಶಾಖದಲ್ಲಿ ಗೆಡ್ಡೆಯೊಳಗೆ ಮೊಗ್ಗು ಮೂಡುತ್ತದೆ. ಅದು ನಮ್ಮ ಹುಳದ ಮನೆಯ ಶಾಖವೇ. ಆದರೆ ಹೂ ಹೊರಬರಲು ಸುಮಾರು 17 ಡಿಗ್ರಿಯ ತಂಪು ವಾರಗಟ್ಟಲೆ ಬೇಕು. ಅದಕ್ಕೆ ತಂಪುಯಂತ್ರ, ಅದಕ್ಕೆ ಕರೆಂಟು.

ಲೆಕ್ಕ ಹಾಕೋಣ. ಹತ್ತು ಗ್ರಾಂ ತೂಕದ ಗೆಡ್ಡೆ ಹತ್ತು ಸಾವಿರ ತಂದರೆ 100 ಕಿಲೋ. ಒಂದೊಂದೂ ಎರಡು ಹೂ ಕೊಟ್ಟಿತೆನ್ನಿ, 20,000 ಹೂ. 150 ಹೂವಿಗೆ ಒಂದು ಗ್ರಾಂನಂತೆ ಸುಮಾರು 130 ಗ್ರಾಂ ಕೇಸರಿ. ಅಷ್ಟೂ ಹೂವನ್ನು ಕೆಲವೇ ವಾರಗಳಲ್ಲಿ ಕೈಯಿಂದ ಬಿಡಿಸಬೇಕು. ಹೂ ಮುಗಿದ ಮೇಲೆ ಗೆಡ್ಡೆಯನ್ನು ಮಣ್ಣಿಗಿಟ್ಟು, ಚಳಿಯಲ್ಲಿ, ಬೆಳಕಿನಲ್ಲಿ ತಿಂಗಳುಗಟ್ಟಲೆ ಬೆಳೆಸದಿದ್ದರೆ ಮರಿಗೆಡ್ಡೆ ದಪ್ಪಗಾಗದು. ಸಣ್ಣ ಗೆಡ್ಡೆಗೆ ಮರುವರ್ಷ ಹೂವಿಲ್ಲ. ಆಗ ಮತ್ತೆ ಗೆಡ್ಡೆ ಕೊಳ್ಳಬೇಕು. ಗೆಡ್ಡೆ ಮಾರುವವನಿಗೆ ಲಾಭ ಪ್ರತಿ ವರ್ಷ. ಬೆಳೆಯುವವನಿಗೆ ಎಷ್ಟು ಎಂಬುದನ್ನು ಗೆಡ್ಡೆಯ ಬೆಲೆ, ಕರೆಂಟು, ಕೂಲಿ ಮೂರನ್ನೂ ಕಾಗದದ ಮೇಲೆ ಬರೆದು ನೋಡಿಯೇ ತಿಳಿಯಬೇಕು. ಮತ್ತೊಂದು ಮಾತು. ಗೆಡ್ಡೆಗೆ ಬೂಷ್ಟು ಬಾರದಂತೆ ಔಷಧಿ ಹಾಕುತ್ತಾರೆ. ಹುಳ ಮೇಯಿಸುವ ಕೋಣೆಯಲ್ಲಿ ಅದನ್ನು ಸುಳಿಯಗೊಡಬೇಡಿ.

ಹೀಗೆಂದ ಮಾತ್ರಕ್ಕೆ ಹೊಸ ಬೆಳೆ ಮಾಡಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಹಿಪ್ಪುನೇರಳೆಯೂ ಒಂದು ಕಾಲಕ್ಕೆ ಈ ಸೀಮೆಗೆ ಹೊಸದೇ ಆಗಿತ್ತು. ಯಾರಾದರೂ ಬಂಗಾರದ ಬೆಳೆ ತಂದರೆ ಮೂರು ಪ್ರಶ್ನೆ ಕೇಳಿ. ಇದು ಬೆಳೆಯುವುದು ಬೀಜದಿಂದಲೋ, ಗೆಡ್ಡೆಯಿಂದಲೋ? ಇದರೊಳಗಿನ ಯಾವ ವಸ್ತುವಿಗೆ ಬೆಲೆ, ಅದನ್ನು ಅಳೆಯುವವರು ಯಾರು? ಎರಡನೆಯ ವರ್ಷ ನಾನು ಮತ್ತೆ ಏನನ್ನು ಕೊಳ್ಳಬೇಕು? ಉತ್ತರ ಸಿಗುವ ತನಕ ಹಣ ಪೆಟ್ಟಿಗೆಯಲ್ಲೇ ಇರಲಿ.

ಸಂಕ್ರಾಂತಿಯ ಹೊತ್ತಿಗೆ ಅದೇ ಹಳ್ಳಿಗೆ ಮತ್ತೆ ಹೋದೆ. ಯಜಮಾನರು ಮುಂಗಡ ಕೊಟ್ಟಿರಲಿಲ್ಲ. ಹೊಸ ಮೋಟಾರು ಓಡುತ್ತಿತ್ತು. ಪೊಟ್ಟಣದ ಬೀಜವನ್ನು ಬದುವಿನ ಮೇಲೆ ಚೆಲ್ಲಿದ್ದರಂತೆ. ಎಲೆಯ ಅಂಚಿನಲ್ಲೆಲ್ಲ ಮುಳ್ಳು ತುಂಬಿದ ಗಿಡಗಳು ಎದ್ದು, ಹಳದಿ ಹೂ ಬಿಟ್ಟು ನಿಂತಿದ್ದವು. "ನೋಡಿ ಸಾರ್, ಅಮೆರಿಕದ ಕೇಸರಿ" ಎಂದು ತೋರಿಸಿ ನಕ್ಕರು. ನಾನೂ ನಕ್ಕೆ. ಕಾಳು ಬಲಿತರೆ ಗಾಣಕ್ಕೆ ಹಾಕಿಸಿ, ಎಣ್ಣೆ ಚೆನ್ನಾಗಿರುತ್ತದೆ ಎಂದು ಹೇಳಿ ಬಂದೆ.